ಕಾಳಿ ಅಳಿವೆಗೆ ಬರುವ ಕಡಲಕ್ಕಿ

ಜೋಯಿಡಾ ತಾಲ್ಲೂಕಿನ ಕುಂಬಾರವಾಡದ ಕಾಡಿನಲ್ಲಿ ಕಡಲಕ್ಕಿ ಕಾಣುವುದಿಲ್ಲ. ಇದು ಮಂಗಟ್ಟೆಗಳ ಸೀಮೆ. ಮರದ ತುದಿಗಳ ಮೇಲಿಂದ ಅವು ಹಾರಿಹೋದರೆ ರೆಕ್ಕೆಯ ಸದ್ದು ಗದ್ದೆಯಲ್ಲಿ ಕೆಲಸ ಮಾಡುವವರಿಗೂ ಕೇಳಿಸುತ್ತದೆ. ಸಮುದ್ರ ಇಲ್ಲಿಗೆ ತೀರಾ ದೂರವೇನೂ ಅಲ್ಲ. ಅಣಶಿ ಘಟ್ಟ ಇಳಿದು ಕದ್ರಾ ದಾಟಿದರೆ ಕಾರವಾರ. ಆದರೂ ಘಟ್ಟದ ಮೇಲಿನ ಮಕ್ಕಳಿಗೆ ಕಡಲಕ್ಕಿ ಎಂದರೆ ಪುಸ್ತಕದ ಚಿತ್ರ. ಈ ಅಧ್ಯಾಯವನ್ನು ನಾನು ಬೇಕೆಂದೇ ಇಲ್ಲಿಂದ ಶುರುಮಾಡುತ್ತಿದ್ದೇನೆ, ಏಕೆಂದರೆ ಕಾರವಾರದ ದಂಡೆಯಲ್ಲಿ ಚಳಿಗಾಲ ಕಳೆಯುವ ಕಡಲಕ್ಕಿಯ ಹೊಟ್ಟೆಗೆ ಬೀಳುವ ಅನ್ನದಲ್ಲಿ ಈ ಕಾಡಿನ ಪಾಲೂ ಇದೆ.

ಕಾಳಿ ನದಿ ಹುಟ್ಟುವುದು ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ. ಕುಂಬಾರವಾಡದಿಂದ ಕಾರವಾರಕ್ಕೆ ರಸ್ತೆ ಹೆಚ್ಚು ಸುತ್ತದೆ ಘಟ್ಟ ಇಳಿಯುತ್ತದೆ. ನದಿಗೆ ಅಂಥ ಅವಸರವಿಲ್ಲ. ಸೂಪಾಕ್ಕೆ ಹೋಗಿ, ದಾಂಡೇಲಿಯನ್ನು ಬಳಸಿ, ತೆಂಕಣಕ್ಕೆ ತಿರುಗಿ, ಕೊಡಸಳ್ಳಿ, ಕದ್ರಾಗಳಲ್ಲಿ ತಂಗಿ, ಒಟ್ಟು 184 ಕಿಲೋಮೀಟರ್ ನಡೆದು ಸದಾಶಿವಗಡದ ಗುಡ್ಡದ ಬುಡದಲ್ಲಿ ಅದು ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಈ ಕಾಡಿನಿಂದ ತೊಳೆದುಹೋಗುವ ಕೊಳೆತ ಎಲೆ, ಮಣ್ಣು, ಅದರಲ್ಲಿ ಕರಗಿದ ಲವಣಗಳು ನೀರಿನ ಜೊತೆ ಕೆಳಗಿಳಿಯುತ್ತವೆ. ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸಿಕ್ಕುವ ಅಳಿವೆಯಲ್ಲಿ ಅವೆಲ್ಲ ಕೆಸರಾಗಿ ಕೂರುತ್ತವೆ. ಕೆಸರಲ್ಲಿ ಹುಳ, ಸೀಗಡಿ, ಬಳಚು, ಏಡಿ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳು. ಆ ಮರಿಗಳು ಬೆಳೆಯುತ್ತ ಹೊರಗಿನ ಕಡಲಿಗೆ ಇಳಿಯುವ ಹೊತ್ತಿಗೆ, ಅಕ್ಟೋಬರ್ ಕೊನೆಯಿಂದ, ಬಾನಿನಲ್ಲಿ ಬೂದು ಬೆನ್ನಿನ ಬಿಳಿಯ ಹಕ್ಕಿಗಳು ಕಾಣಿಸಿಕೊಳ್ಳುತ್ತವೆ.

2025ರ ಡಿಸೆಂಬರ್‌ನಲ್ಲಿ ಇಂಥದೊಂದು ಹಕ್ಕಿ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ತಿಮ್ಮಕ್ಕ ಉದ್ಯಾನದ ಬಳಿ ಸಿಕ್ಕ ಕಡಲಕ್ಕಿಯ ಬೆನ್ನ ಮೇಲೆ ಜಿಪಿಎಸ್ ಯಂತ್ರವಿತ್ತು. ಯಂತ್ರದ ಮೇಲೆ ಚೀನಾದ ವಿಜ್ಞಾನ ಅಕಾಡೆಮಿಗೆ ಸೇರಿದ ಸಂಶೋಧನಾ ಕೇಂದ್ರವೊಂದರ ಹೆಸರಿತ್ತು. ಹತ್ತಿರದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇರುವುದರಿಂದ ಕರಾವಳಿ ಕಾವಲು ಪೊಲೀಸರು, ಅರಣ್ಯ ಇಲಾಖೆಯವರು ಅದನ್ನು ಪರಿಶೀಲಿಸಿದ್ದು ಸಹಜವೇ. ಗಡಿ, ಭದ್ರತೆಯ ವಿಷಯಗಳಲ್ಲಿ ಎಚ್ಚರ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆ ವಾರವಿಡೀ ಊರೆಲ್ಲ ಮಾತಾಡಿದ್ದು ಯಂತ್ರದ ಬಗ್ಗೆ. ಯಂತ್ರವಿಲ್ಲದೆ ಅದೇ ದಂಡೆಯಲ್ಲಿ ಅದೇ ಹೊತ್ತಿಗೆ ನಿಂತಿದ್ದ ಹಕ್ಕಿಗಳ ಬಗ್ಗೆ ಯಾರೂ ಕೇಳಲಿಲ್ಲ. ಅವೂ ಅಷ್ಟೇ ದೂರದಿಂದ ಬಂದವು. ಹೋದ ವರ್ಷ ಬಂದಿದ್ದವು, ಮುಂದಿನ ವರ್ಷವೂ ಬರುತ್ತವೆ. ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರುವ ಆ ವಾಡಿಕೆಯ ಬರವೇ ಈ ಕಥೆಯ ನಿಜವಾದ ತಿರುಳು.

ದಂಡೆಯ ಮೇಲೆ ಗುಂಪಾಗಿ, ಗಾಳಿಗೆ ಮುಖಮಾಡಿ ನಿಂತ ಹಕ್ಕಿಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮ ಕರಾವಳಿಗೆ ಚಳಿಗಾಲದಲ್ಲಿ ಬರುವ ಕಡಲಕ್ಕಿಗಳಲ್ಲಿ, ಅಂದರೆ ಇಂಗ್ಲಿಷಿನವರು ಗಲ್ ಎನ್ನುವ ಕುಟುಂಬದಲ್ಲಿ, ಹಲವು ಬಗೆಗಳಿವೆ. ಹದ್ದಿನಷ್ಟು ದೊಡ್ಡದಾದ, ಬೆನ್ನು ಕಡು ಬೂದಿಯಾದ ಹ್ಯೂಗ್ಲಿನ್ ಗಲ್ ರಷ್ಯಾದ ಉತ್ತರದ ತುಂಡ್ರಾ ಬಯಲಿನಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತದೆ. ಪಲ್ಲಾಸ್ ಗಲ್ ಕಜಕಸ್ತಾನ, ಮಂಗೋಲಿಯಾ, ಚೀನಾದ ಸರೋವರಗಳದು. ಕರಿತಲೆ ಕಡಲಕ್ಕಿ ಯುರೋಪಿನಿಂದ ಏಷ್ಯಾದ ಆಚೆ ತುದಿಯವರೆಗೆ ಹರಡಿಕೊಂಡ ಜಾತಿ. ಇವುಗಳ ನಡುವೆ ತೆಳ್ಳಗೆ, ಕವಲು ಬಾಲದ ರೀವಗಳೂ ಸೇರಿಕೊಂಡಿರುತ್ತವೆ. ಇವೆಲ್ಲದರಲ್ಲಿ ನನ್ನ ಮನಸ್ಸು ನಿಲ್ಲುವುದು ಕಂದುತಲೆ ಕಡಲಕ್ಕಿಯ ಮೇಲೆ. ಉಳಿದವು ಹಲವು ದೇಶಗಳಲ್ಲಿ ಹಂಚಿಹೋದವು. ಕಂದುತಲೆಯ ಬದುಕು ಮಾತ್ರ ಬಹುಮಟ್ಟಿಗೆ ಎರಡೇ ನೆಲೆಗಳ ನಡುವೆ ತೂಗಾಡುತ್ತದೆ. ಬೇಸಿಗೆಗೆ ಹಿಮಾಲಯದ ಆಚೆಯ ಎತ್ತರದ ಸರೋವರಗಳು, ಚಳಿಗಾಲಕ್ಕೆ ದಕ್ಷಿಣ ಏಷ್ಯಾದ ಕರಾವಳಿ ಮತ್ತು ಅದರಾಚೆಯ ಥಾಯ್ಲೆಂಡಿನಂಥ ಬೆಚ್ಚಗಿನ ತೀರಗಳು.

ಹೆಸರಿನಲ್ಲಿ ಕಂದುತಲೆ ಇದ್ದರೂ ಕಾರವಾರದಲ್ಲಿ ಡಿಸೆಂಬರ್‌ನಲ್ಲಿ ಹುಡುಕಿದರೆ ಅದರ ತಲೆ ಬಿಳಿಯೇ. ಮರಿ ಮಾಡುವ ಕಾಲ ಮುಗಿಯುತ್ತಲೇ ತಲೆಯ ಕಂದು ಗರಿಗಳು ಉದುರಿ, ಕಿವಿಯ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ ಉಳಿಯುತ್ತದೆ. ಕರಿತಲೆ ಕಡಲಕ್ಕಿಗೂ ಚಳಿಗಾಲದಲ್ಲಿ ಇದೇ ಬಿಳಿ ತಲೆ, ಇದೇ ಮಚ್ಚೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಹಾರಲು ಬಿಡಿ. ಬಲಿತ ಕಂದುತಲೆಯ ರೆಕ್ಕೆಯ ತುದಿ ಅಗಲವಾಗಿ ಕಪ್ಪಾಗಿದ್ದು, ಆ ಕಪ್ಪಿನೊಳಗೆ ಎದ್ದು ಕಾಣುವ ಬಿಳಿ ಚುಕ್ಕೆಗಳಿರುತ್ತವೆ. ಕರಿತಲೆಗೆ ಆ ಚುಕ್ಕೆಗಳಿಲ್ಲ. ಬದಲಿಗೆ ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ ಪಟ್ಟೆ ಇರುತ್ತದೆ. ಇನ್ನೂ ಹತ್ತಿರದಿಂದ ದುರ್ಬೀನಿನಲ್ಲಿ ನೋಡಲು ಸಿಕ್ಕರೆ ಕಣ್ಣು ನೋಡಿ: ಬಲಿತ ಕಂದುತಲೆಯ ಕಣ್ಣಿನ ಪಾಪೆಯ ಸುತ್ತ ತಿಳಿ ಬಣ್ಣ, ಕರಿತಲೆಯದು ಕಡುಗಪ್ಪು. ಮಾರ್ಚ್ ತಿಂಗಳಲ್ಲಿ ದಂಡೆಗೆ ಹೋದವರಿಗೆ ಇನ್ನೊಂದು ಸೊಗಸು ಕಾಣುತ್ತದೆ. ಹೊರಡುವ ಮುನ್ನ ಹೊಸ ಗರಿ ಬರತೊಡಗಿ ಕೆಲವು ಹಕ್ಕಿಗಳ ತಲೆ ಅರ್ಧ ಬಿಳಿ, ಅರ್ಧ ಕಂದಾಗಿರುತ್ತದೆ. ಅಲ್ಲಿ ಮೇಲಿನ ಸರೋವರಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ, ಆದರೆ ಇಲ್ಲಿ ಉದ್ದವಾಗುತ್ತಿರುವ ಹಗಲನ್ನು ಹಕ್ಕಿಯ ಮೈ ಆಗಲೇ ಅಳೆದುಕೊಂಡಿರುತ್ತದೆ.

ವಿಜ್ಞಾನಕ್ಕೆ ಈ ಜಾತಿ ಪರಿಚಯವಾದದ್ದು ಅದು ಮರಿಮಾಡುವ ಸರೋವರದಿಂದಲ್ಲ, ಅದು ಚಳಿಗಾಲ ಕಳೆಯುವ ನಮ್ಮ ಕರಾವಳಿಯಿಂದ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1840ರಲ್ಲಿ ಭಾರತ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯ ಹಕ್ಕಿಯನ್ನು ಆಧಾರವಾಗಿಟ್ಟುಕೊಂಡು ಇದನ್ನು ವರ್ಣಿಸಿ ವೈಜ್ಞಾನಿಕ ಹೆಸರು ಕೊಟ್ಟ. ಕಾರವಾರವಂತೂ ಆ ಶತಮಾನದ ಕೊನೆಯ ಹೊತ್ತಿಗೆ ನಿಸರ್ಗ ಅಧ್ಯಯನದ ಒಂದು ಪುಟ್ಟ ಕೇಂದ್ರವೇ ಆಗಿಬಿಟ್ಟಿತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದವರಲ್ಲಿ ಒಬ್ಬನಾದ, ಇಎಚ್‌ಎ ಎಂಬ ಹೆಸರಲ್ಲಿ ಬರೆಯುತ್ತಿದ್ದ ಏಟ್ಕನ್ ಇಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿದ್ದ. ಅರಣ್ಯಾಧಿಕಾರಿ ಬೆಲ್ ಚಿಟ್ಟೆಗಳ ಹಿಂದೆ ಬಿದ್ದು ಕೊನೆಗೆ ಕಾರವಾರದಲ್ಲೇ ನೆಲೆನಿಂತ. ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ 1898ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕನ್ನಡದ ಹಕ್ಕಿಗಳ ಕುರಿತು ದೀರ್ಘ ಲೇಖನ ಪ್ರಕಟಿಸಿದ. ಕಂದಾಯದ ಕಡತಗಳ ನಡುವೆ ಕೂತು ಆತ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ ಎಂದು ಬರೆದಿಟ್ಟದ್ದನ್ನು ಇಂದಿಗೂ ನಾವು ಹೋಲಿಸಿ ನೋಡಬಹುದು. ಒಂದು ಊರಿನ ಹಕ್ಕಿಗಳ ಪಟ್ಟಿಗೆ ಬೆಲೆ ಬರುವುದು ನೂರು ವರ್ಷದ ನಂತರ ಇನ್ನೊಬ್ಬರು ಅದೇ ಊರಿನಲ್ಲಿ ಮತ್ತೊಂದು ಪಟ್ಟಿ ಮಾಡಿದಾಗ.

ಈಗ ಕಂದುತಲೆಯ ಇನ್ನೊಂದು, ಬೇಸಿಗೆಯ ನೆಲೆಗೆ ಹೋಗೋಣ. ಲಡಾಖಿನ ತ್ಸೊ ಮೊರಿರಿ, ತ್ಸೊ ಕರ್ ಸರೋವರಗಳು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿವೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯಂಥ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಟಿಬೆಟ್ ಪ್ರಸ್ಥಭೂಮಿಯ ಉದ್ದಕ್ಕೂ, ಚೀನಾದ ಛಿಂಗ್‌ಹಾಯ್ ಸರೋವರದವರೆಗೆ, ಪಶ್ಚಿಮಕ್ಕೆ ತಜಿಕಿಸ್ತಾನದ ಪಾಮೀರ್ ಬೆಟ್ಟಗಳವರೆಗೆ ಕಂದುತಲೆ ಕಡಲಕ್ಕಿಯ ತವರು ಹಬ್ಬಿದೆ. ಮರವಿಲ್ಲದ ಸೀಮೆ. ಸರೋವರದ ನಡುವಿನ ನಡುಗಡ್ಡೆಗಳಲ್ಲಿ, ಜೌಗು ನೆಲದಲ್ಲಿ ಹಕ್ಕಿಗಳು ಒತ್ತೊತ್ತಾಗಿ ಗೂಡು ಮಾಡುತ್ತವೆ. ನರಿ, ನಾಯಿ ಬಾರದಂತೆ ಸುತ್ತ ನೀರು ಕಾಯುತ್ತದೆ. ಬೇಸಿಗೆ ಅಲ್ಲಿ ಕೆಲವೇ ತಿಂಗಳು. ಅಷ್ಟರೊಳಗೆ ಮೊಟ್ಟೆ ಇಟ್ಟು, ಮರಿ ಹಾರುವಂತಾಗಬೇಕು, ಏಕೆಂದರೆ ಚಳಿಗಾಲದಲ್ಲಿ ನೀರಿನ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೀನು, ಹುಳ ಹಿಮದ ಕೆಳಗೆ ಉಳಿಯುತ್ತವೆ. ಮೇಲಿನಿಂದ ಎರಗಿ ತಿನ್ನುವ ಹಕ್ಕಿಗೆ ಅಲ್ಲಿ ಇನ್ನು ಏನೂ ಸಿಗದು. ವಲಸೆ ಹೊರಡುವುದು ಬರೀ ಚಳಿಗೆ ಹೆದರಿ ಅಲ್ಲ. ಗರಿಯ ಹೊದಿಕೆ ಇರುವ ಹಕ್ಕಿ ಚಳಿ ತಡೆಯಬಲ್ಲದು, ಹಸಿವನ್ನು ತಡೆಯಲಾರದು.

ಇದೇ ಪ್ರಸ್ಥಭೂಮಿಯಿಂದ ಇದೇ ಋತುವಿನಲ್ಲಿ ಹೊರಡುವ ಪಟ್ಟೆತಲೆ ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಬಾತು ಕೆರೆಗೆ ಬಂದು ಸುತ್ತಲ ಹೊಲಗಳಲ್ಲಿ ಮೇಯುತ್ತದೆ. ಕಡಲಕ್ಕಿ ಇನ್ನೂ ಮುಂದೆ ಸಾಗಿ ಉಪ್ಪುನೀರಿನವರೆಗೆ ಬರುತ್ತದೆ.

ಉಪ್ಪುನೀರು ಎಂದೆ. ಹಕ್ಕಿಯ ಮೈಯೊಳಗಿನ ಒಂದು ಅಚ್ಚರಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಸಮುದ್ರದ ನೀರಿನಲ್ಲಿ ಸುಮಾರು 3.5 ಶೇಕಡಾ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡ ಅಷ್ಟು ಗಾಢವಾದ ಉಪ್ಪನ್ನು ಮೂತ್ರದಲ್ಲಿ ಹೊರಹಾಕಲಾರದು. ಸಮುದ್ರದ ನೀರು ಕುಡಿದ ಮನುಷ್ಯ ಆ ಉಪ್ಪನ್ನು ತೊಳೆಯಲು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೈಯಿಂದಲೇ ತೆರಬೇಕಾಗುತ್ತದೆ. ಕಡಲ ನಡುವೆ ದೋಣಿ ಕೆಟ್ಟು ನಿಂತವರು ಸುತ್ತ ನೀರಿದ್ದೂ ಬಾಯಾರಿ ಸಾಯುವುದು ಇದಕ್ಕೇ. ಹಕ್ಕಿಯ ಮೂತ್ರಪಿಂಡ ಈ ವಿಷಯದಲ್ಲಿ ನಮ್ಮದಕ್ಕಿಂತಲೂ ದುರ್ಬಲ. ಹಾಗಿದ್ದೂ ಕಡಲಕ್ಕಿ ಉಪ್ಪುನೀರು ಕುಡಿದು ಆರಾಮಾಗಿರುವುದು ಹೇಗೆ ಎಂಬ ಒಗಟನ್ನು ಬಿಡಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ನಾರ್ವೆ ಮೂಲದ ವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಅವರ ಸಂಗಡಿಗರು. 1950ರ ದಶಕದ ಕೊನೆಯಲ್ಲಿ ಅವರು ಒಂದು ಕಡಲಕ್ಕಿಗೆ ಅದರ ತೂಕದ ಹತ್ತನೇ ಒಂದು ಪಾಲಿನಷ್ಟು ಸಮುದ್ರದ ನೀರು ಕುಡಿಸಿ ನೋಡಿದರು. ಮೂರು ತಾಸಿನೊಳಗೆ ಹಕ್ಕಿ ಆ ಉಪ್ಪನ್ನೆಲ್ಲ ಹೊರಹಾಕಿತ್ತು, ಹೆಚ್ಚಿನ ಪಾಲು ಮೂಗಿನಿಂದ.

ಕಣ್ಣುಗಳ ಮೇಲೆ, ತಲೆಬುರುಡೆಯ ತಗ್ಗುಗಳಲ್ಲಿ, ಎರಡು ಗ್ರಂಥಿಗಳಿವೆ. ರಕ್ತದಿಂದ ಉಪ್ಪನ್ನು ಹೀರಿ, ಸುಮಾರು 5 ಶೇಕಡಾ ಉಪ್ಪಿರುವ, ಅಂದರೆ ಸಮುದ್ರಕ್ಕಿಂತಲೂ ಉಪ್ಪಾದ ದ್ರವವನ್ನು ಅವು ಮೂಗಿಗೆ ಕಳಿಸುತ್ತವೆ. ಅದು ಕೊಕ್ಕಿನ ತುದಿಗೆ ಇಳಿದು ಹನಿಯಾಗುತ್ತದೆ, ಹಕ್ಕಿ ತಲೆ ಕೊಡವಿ ಹನಿಯನ್ನು ಚೆಲ್ಲುತ್ತದೆ. ಮರಳ ಮೇಲೆ ಸುಮ್ಮನೆ ನಿಂತ ಕಡಲಕ್ಕಿ ಮತ್ತೆ ಮತ್ತೆ ತಲೆ ಅಲ್ಲಾಡಿಸುವುದನ್ನು ನೋಡಿದರೆ ಸೀನುತ್ತಿದೆ ಅನ್ನಿಸಬಹುದು. ಅದು ಮಾಡುತ್ತಿರುವುದು ನೀರಿನಿಂದ ಉಪ್ಪು ಬೇರ್ಪಡಿಸುವ ಕೆಲಸ. ಈ ಗ್ರಂಥಿ ಬೇಕಾದಾಗ ಬೆಳೆಯುತ್ತದೆ, ಬೇಡವಾದಾಗ ಕುಗ್ಗುತ್ತದೆ ಎಂಬುದು ಇನ್ನೂ ಸೊಗಸಾದ ಸಂಗತಿ. ಕಂದುತಲೆಯ ತವರಿನ ಸರೋವರಗಳಲ್ಲಿ ಕೆಲವು ಹೊರಹರಿವಿಲ್ಲದೆ ತಾವೇ ಉಪ್ಪಾಗಿವೆ. ತ್ಸೊ ಕರ್ ಉಪ್ಪಿನ ಸರೋವರವೇ. ಹಾಗಾಗಿ ಬೆಟ್ಟದ ಮೇಲಿನ ಈ ಹಕ್ಕಿಗೆ ಕಡಲು ಪೂರ್ತಿ ಪರಕೀಯವಲ್ಲ.

ಅದು ನಮ್ಮ ಕರಾವಳಿಗೆ ಬರುವ ಹೊತ್ತು ಎಷ್ಟು ಸರಿಯಾದದ್ದು ನೋಡಿ. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ನಮ್ಮ ದಂಡೆಯಲ್ಲಿ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಬಂದ ಲವಣಗಳಿಂದ, ಹೊಳೆಗಳು ತಂದ ಗೊಬ್ಬರದಿಂದ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿನ್ನಲು ತಾರ್ಲೆ, ಬಂಗಡೆಯ ಹಿಂಡುಗಳು ದಂಡೆಯ ಹತ್ತಿರ ಬರುತ್ತವೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಕಂದುತಲೆ ಹಿಮಾಲಯದ ಆಚೆ ಗೂಡಿನಲ್ಲಿರುತ್ತದೆ. ಮಳೆ ನಿಂತು ಕಡಲು ತಿಳಿಯಾಗಿ, ಬೈತಖೋಲ್ ಬಂದರಿನಲ್ಲಿ ದೋಣಿಗಳು ತುಂಬಿ ಬರತೊಡಗಿ, ದಂಡೆಯಲ್ಲಿ ರಂಪಣಿ, ಏಂಡಿ ಬಲೆಗಳನ್ನು ಎಳೆಯುವ ಹೊತ್ತಿಗೆ ಹಕ್ಕಿ ಇಳಿಯುತ್ತದೆ.

ರಂಪಣಿ ಎಳೆಯುವುದನ್ನು ಕಂಡವರಿಗೆ ಕಡಲಕ್ಕಿಯ ಜಾಣತನವನ್ನು ಬೇರೆ ವಿವರಿಸಬೇಕಿಲ್ಲ. ಬಲೆಯ ಎರಡು ತುದಿಗಳನ್ನು ಹಿಡಿದು ದಂಡೆಯಲ್ಲಿ ಸಾಲಾಗಿ ನಿಂತವರು ಎಳೆಯುತ್ತ ಬಂದಂತೆ ಒಳಗಿನ ಮೀನು ಒತ್ತೊತ್ತಾಗಿ ಮೇಲೆ ಚಿಮ್ಮುತ್ತದೆ. ಬಲೆ ಇನ್ನೂ ದೂರದಲ್ಲಿರುವಾಗಲೇ ಹಕ್ಕಿಗಳು ಅದರ ಅಂಚಿನ ಗುಂಟ ತಿರುಗುತ್ತವೆ. ರೀವಗಳು ಮೇಲಿನಿಂದ ನೆಟ್ಟಗೆ ಧುಮುಕುತ್ತವೆ. ಕಡಲಕ್ಕಿ ಅಷ್ಟು ಆಳಕ್ಕೆ ಧುಮುಕುವುದಿಲ್ಲ. ನೀರ ಮೇಲ್ಮೈಗೆ ಇಳಿದು ಎತ್ತಿಕೊಳ್ಳುತ್ತದೆ, ಇಲ್ಲವೇ ಮೀನು ಕಚ್ಚಿಕೊಂಡು ಹೊರಟ ರೀವದ ಬೆನ್ನು ಹತ್ತಿ ಬಾಯಿ ಬಿಡಿಸುತ್ತದೆ. ಬಲೆ ಮರಳಿಗೆ ಬಂದ ಮೇಲೆ ಗಿರಾಕಿ ಇಲ್ಲದ ಪುಡಿಮೀನು, ಏಡಿ ದಂಡೆಯಲ್ಲೇ ಉಳಿಯುತ್ತವೆ. ಅವು ಗರುಡಕ್ಕೆ, ಕಾಗೆಗೆ, ಬೆಳ್ಳಕ್ಕಿಗೆ, ಕಡಲಕ್ಕಿಗೆ. ನೀರಿಳಿದಾಗ ಕಡಲಕ್ಕಿ ಕಾಳಿ ಅಳಿವೆಯ ಕೆಸರಿನಲ್ಲಿ ನಡೆದಾಡಿ ಹುಳ ಹೆಕ್ಕುತ್ತದೆ, ತೆಳು ನೀರಿನಲ್ಲಿ ನಿಂತಲ್ಲೇ ಕಾಲು ಕುಟ್ಟಿ ಅಡಗಿದ್ದನ್ನು ಎಬ್ಬಿಸುತ್ತದೆ. ಉಬ್ಬರ ಬಂದು ಕೆಸರು ಮುಚ್ಚಿದಾಗ ಟಾಗೋರ್ ತೀರದ ಮರಳಿಗೆ ಬಂದು ವಿರಮಿಸುತ್ತದೆ. ಉದ್ಯಾನದ ಅಂಚಿನ ಗಾಳಿಮರಗಳ ಸಾಲಿನಿಂದ ನಾವು ನೋಡುವುದು ಅದರ ದಿನದ ಈ ಬಿಡುವಿನ ಹೊತ್ತನ್ನು.

ಅಳಿವೆ ಬದಲಾದರೆ ಊಟ ಬದಲಾಗುತ್ತದೆ. ಕಾಳಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಿಂದ ಕದ್ರಾದವರೆಗೆ ಸಾಲಾಗಿ ಕಟ್ಟೆಗಳಿವೆ. ಕಟ್ಟೆ ಹೂಳನ್ನು ತಡೆಯುತ್ತದೆ. ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿದು ಉಪ್ಪಿನ ಅಂಶವನ್ನು ತಗ್ಗಿಸುತ್ತದೆ. ಇದರ ಪರಿಣಾಮ ಎಷ್ಟು ಗಂಭೀರವಾಗಬಲ್ಲದು ಎಂಬುದನ್ನು ನಮ್ಮದೇ ಜಿಲ್ಲೆಯ ಎರಡು ಹೊಳೆಗಳು ತೋರಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ. ಡಿ. ಸುಭಾಷ್ ಚಂದ್ರನ್, ಟಿ. ವಿ. ರಾಮಚಂದ್ರ ಮತ್ತು ಅವರ ಜೊತೆಗಾರರು ಶರಾವತಿ ಹಾಗೂ ಅಘನಾಶಿನಿ ಅಳಿವೆಗಳನ್ನು ಹೋಲಿಸಿ ನೋಡಿದರು. ಕಟ್ಟೆ ಕಟ್ಟಿದ ಶರಾವತಿಯ ಅಳಿವೆಯಲ್ಲಿ ವರ್ಷವಿಡೀ ಸಿಹಿನೀರು ಹರಿದು ಮೀನಿನ ವೈವಿಧ್ಯ ಕುಗ್ಗಿತ್ತು, ತಿನ್ನುವ ಚಿಪ್ಪುಮೀನು ಬಹುತೇಕ ಇಲ್ಲವಾಗಿತ್ತು. ಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಸಾವಿರಾರು ಕುಟುಂಬಗಳು ಬದುಕುತ್ತಿದ್ದವು. ಆ ಅಘನಾಶಿನಿ ಅಳಿವೆ 2024ರಲ್ಲಿ, ಮಾಗಡಿ ಕೆರೆಯ ಜೊತೆಗೆ, ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿ ಸೇರಿತು. ಬಳಚು ಇರುವಲ್ಲಿ ಹೆಂಗಸರ ಬುಟ್ಟಿಯೂ ತುಂಬುತ್ತದೆ, ಹಕ್ಕಿಯ ಹೊಟ್ಟೆಯೂ ತುಂಬುತ್ತದೆ. ಅಳಿವೆಯ ಲೆಕ್ಕದಲ್ಲಿ ಇವೆರಡನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯುವುದು ತಪ್ಪೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಟಾಗೋರ್ ತೀರದಲ್ಲಿ ಸಿಕ್ಕ ಆ ಯಂತ್ರದ ಮಾತಿಗೆ ಮರಳೋಣ. ಚೀನಾದ ವಿಜ್ಞಾನಿಗಳು ಹಕ್ಕಿಯ ಬೆನ್ನಿಗೆ ಯಂತ್ರ ಕಟ್ಟುವುದೇಕೆ? ಇದಕ್ಕೊಂದು ದುಃಖದ ಹಿನ್ನೆಲೆಯಿದೆ. 2005ರ ಬೇಸಿಗೆಯಲ್ಲಿ ಛಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರ ಬಂದು ಸುಮಾರು 6,000 ಕಾಡುಹಕ್ಕಿಗಳು ಸತ್ತವು. ಪಟ್ಟೆತಲೆ ಬಾತು, ಪಲ್ಲಾಸ್ ಗಲ್, ಕಂದುತಲೆ ಕಡಲಕ್ಕಿ ಎಲ್ಲವೂ ಅದರಲ್ಲಿದ್ದವು. ಕಾಡುಹಕ್ಕಿಗಳಲ್ಲಿ ಅಷ್ಟು ದೊಡ್ಡ ಪ್ರಮಾಣದ ಸಾವನ್ನು ಆ ರೋಗ ಅದಕ್ಕೆ ಮೊದಲು ತಂದಿರಲಿಲ್ಲ. ಬದುಕುಳಿದ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ, ಯಾವ ದಾರಿಯಲ್ಲಿ, ಎಲ್ಲಿ ಎಷ್ಟು ದಿನ ತಂಗುತ್ತವೆ ಎಂಬುದು ಒಮ್ಮೆಲೇ ಹಲವು ದೇಶಗಳ ಆರೋಗ್ಯದ ಪ್ರಶ್ನೆಯಾಯಿತು. ಚೀನಾ, ಅಮೆರಿಕದ ಸಂಶೋಧಕರು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಟ್ಟಾಗಿ ಅಲ್ಲಿನ ಹಕ್ಕಿಗಳಿಗೆ ಉಪಗ್ರಹ ಯಂತ್ರಗಳನ್ನು ಕಟ್ಟಿದರು. ಛಿಂಗ್‌ಹಾಯ್‌ನಿಂದ ಹೊರಟ ಪಲ್ಲಾಸ್ ಗಲ್‌ಗಳು ಬಾಂಗ್ಲಾದೇಶದ ಕರಾವಳಿಯಲ್ಲಿ ಚಳಿಗಾಲ ಕಳೆದದ್ದು ಹೀಗೆ ಗೊತ್ತಾಯಿತು.

ಅದಕ್ಕೆ ಮೊದಲು ಇದ್ದದ್ದು ಕಾಲುಂಗುರ. 1960ರ ದಶಕದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ ಮುಂಬಯಿಯ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಅಂಕೆಯಿರುವ ಲೋಹದ ಉಂಗುರ ತೊಡಿಸಿತು. ಉಂಗುರ ತೊಟ್ಟ ಹಕ್ಕಿ ಮತ್ತೆಲ್ಲೋ ಯಾರದೋ ಕೈಗೆ ಸಿಕ್ಕು, ಅವರು ಅಕ್ಕರೆಯಿಂದ ಪತ್ರ ಬರೆದರೆ ಮಾತ್ರ ಒಂದು ಸುದ್ದಿ. ಎರಡು ಚುಕ್ಕೆ ಸಿಗುತ್ತಿದ್ದವು, ನಡುವಿನ ಗೆರೆ ಊಹೆಯದು. ಈಗಿನ ಯಂತ್ರ ಆ ಗೆರೆಯನ್ನು ಬರೆಯುತ್ತದೆ. ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕಹಾಕಿ ನೆನಪಿನಲ್ಲಿಟ್ಟುಕೊಳ್ಳುತ್ತದೆ, ಮೈಮೇಲಿನ ಪುಟ್ಟ ಸೌರಫಲಕದಿಂದ ಬಿಸಿಲುಂಡು ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಬಹಳಷ್ಟು ಯಂತ್ರಗಳು ಮೊಬೈಲ್ ಗೋಪುರದ ಹತ್ತಿರ ಬಂದಾಗ ಕೂಡಿಟ್ಟ ಮಾಹಿತಿಯನ್ನು ಕಳಿಸುತ್ತವೆ. ಭಾರ ಹಕ್ಕಿಯ ತೂಕದ 3 ಶೇಕಡಾ ಮೀರಬಾರದು, ಹೆಚ್ಚೆಂದರೆ 5 ಶೇಕಡಾ ಎಂಬುದು ಸಂಶೋಧಕರು ಪಾಲಿಸುವ ವಾಡಿಕೆ. ಕಂದುತಲೆ ಕಡಲಕ್ಕಿ ಅರ್ಧ ಕಿಲೋ ಆಸುಪಾಸಿನದು. 3 ಶೇಕಡಾ ಲೆಕ್ಕದಲ್ಲಿ ಅದರ ಬೆನ್ನಿಗೆ 15 ಗ್ರಾಂ ದಾಟುವಂತಿಲ್ಲ. ನಮ್ಮ ದೇಶದ ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆ. 2024ರ ನವೆಂಬರ್‌ನಲ್ಲಿ ಕಾರವಾರದ ಜನ ನೋಡಿ ಬೆರಗಾದ, ಬೆನ್ನಲ್ಲಿ ಯಂತ್ರವಿದ್ದ ರಣಹದ್ದು ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶದಿಂದ ಬಂದದ್ದು.

ಇಷ್ಟೆಲ್ಲ ದಾರಿ ಸವೆಸಿ ಬಂದ ಹಕ್ಕಿಗೆ ದಂಡೆಯಲ್ಲಿ ಬೇಕಾಗಿರುವುದು ಬಹಳ ಸಣ್ಣದು: ಉಬ್ಬರದ ಹೊತ್ತಿನಲ್ಲಿ ಕೆಲವು ತಾಸು ಯಾರೂ ಎಬ್ಬಿಸದ ಒಂದು ತುಂಡು ಮರಳು. ಅದೇ ಸಿಗುತ್ತಿಲ್ಲ. ನಾಯಿ ಅಟ್ಟಿಸಿಕೊಂಡು ಬರುತ್ತದೆ, ಮರಳ ಮೇಲೆ ಬೈಕ್ ಓಡುತ್ತದೆ, ಒಂದೇ ಸಲ ಎಲ್ಲ ಹಾರುವ ಚಿತ್ರ ಬೇಕೆಂದು ಯಾರೋ ಗುಂಪಿನೊಳಗೆ ಮಗುವನ್ನು ಓಡಿಸುತ್ತಾರೆ. ಪ್ರತಿ ಸಲ ಹಾರಿದಾಗಲೂ ಹಕ್ಕಿ ಕೂಡಿಟ್ಟ ಕೊಬ್ಬನ್ನು ಖರ್ಚು ಮಾಡುತ್ತದೆ. ಆ ಕೊಬ್ಬು ಏಪ್ರಿಲ್‌ನಲ್ಲಿ ಹಿಮಾಲಯ ದಾಟಲು ಇಟ್ಟುಕೊಂಡದ್ದು. ಕುರುಕಲು ತಿಂಡಿ ಎಸೆಯುವವರು ಪ್ರೀತಿಯಿಂದಲೇ ಎಸೆಯುತ್ತಾರೆ, ಆದರೆ ಕರಿದ ಹಿಟ್ಟಿನಲ್ಲಿ ಮೀನಿನ ಸತ್ವವಿಲ್ಲ. ಹರಿದು ಬಿಸಾಡಿದ ನೈಲಾನ್ ಬಲೆ, ಗಾಳದ ದಾರ ಕಾಲಿಗೆ ಸುತ್ತಿಕೊಂಡರೆ ಹಕ್ಕಿಗೆ ಬಿಡಿಸಿಕೊಳ್ಳಲು ಆಗದು.  ಚಳಿಗಾಲದಲ್ಲಿ ಕಣ್ಣೆದುರೇ ನಿಲ್ಲುವ ಈ ಹಕ್ಕಿಗಳ ಬಗ್ಗೆ ಉದ್ಯಾನಕ್ಕೆ ಬರುವವರಿಗಾಗಿ ಕನ್ನಡದಲ್ಲಿ, ಕೊಂಕಣಿಯಲ್ಲಿ ಫಲಕ ಬೇಕು. ಉಬ್ಬರದ ಹೊತ್ತಿನಲ್ಲಿ ದಂಡೆಯ ಒಂದು ಭಾಗವನ್ನು ಅವಕ್ಕೆ ಬಿಟ್ಟುಕೊಡಬೇಕು.

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದನ್ನು ನಡೆಸುವವರಲ್ಲಿ ಬಹುಪಾಲು ಸಂಬಳವಿಲ್ಲದ ಆಸಕ್ತರು. ಕಾಳಿ ಅಳಿವೆಯ ಎರಡೂ ದಡಗಳಲ್ಲಿ, ಟಾಗೋರ್ ತೀರದಲ್ಲಿ, ಪ್ರತಿ ವರ್ಷ ಒಂದೇ ವಾರ, ಉಬ್ಬರದ ಒಂದೇ ಹೊತ್ತಿಗೆ ನಿಂತು ಎಣಿಸಿದರೆ ಹತ್ತು ವರ್ಷದಲ್ಲಿ ನಮ್ಮದೇ ಒಂದು ಲೆಕ್ಕ ಸಿದ್ಧವಾಗುತ್ತದೆ. ಬರೆಯಬೇಕಾದದ್ದು ಹೆಚ್ಚೇನಿಲ್ಲ. ದಿನ, ಹೊತ್ತು, ಉಬ್ಬರವೋ ಇಳಿತವೋ, ಜಾತಿ, ಸಂಖ್ಯೆ. ಬಲಿತವೆಷ್ಟು, ಬಾಲದ ತುದಿಯಲ್ಲಿ ಕಪ್ಪು ಪಟ್ಟಿಯಿರುವ ಮೊದಲ ವರ್ಷದ ಎಳೆಯವೆಷ್ಟು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅದೇ ಅತಿ ಮುಖ್ಯ. ಎಳೆಯ ಹಕ್ಕಿಗಳು ಕಡಿಮೆಯಾದ ವರ್ಷ ಎಂದರೆ ದೂರದ ಸರೋವರದಲ್ಲಿ ಮರಿಗಳು ಉಳಿದಿಲ್ಲ ಎಂದಿರಬಹುದು. ಕಾರವಾರದ ಮರಳಿನಲ್ಲಿ ನಿಂತು ಟಿಬೆಟ್ಟಿನ ಬೇಸಿಗೆಯನ್ನು ಓದುವ ಬಗೆ ಅದು. ಹೊರಡುವ ತಿಂಗಳುಗಳಲ್ಲಿ ಘಟ್ಟದ ಮೇಲಿನವರೂ ಸೂಪಾ ಹಿನ್ನೀರಿನ ಮೇಲೆ ಕಣ್ಣಿಡಬೇಕು. ಬಿಳಿಯ ಹಕ್ಕಿಯೊಂದು ಅಲ್ಲಿ ತಂಗಿದರೆ, ಜೋಯಿಡಾದ ಶಾಲೆಯ ಹುಡುಗಿಯೊಬ್ಬಳು ಬರೆದಿಟ್ಟ ದಿನಾಂಕಕ್ಕೂ ಉಪಗ್ರಹದ ಚುಕ್ಕೆಯಷ್ಟೇ ಬೆಲೆ.

ಉಂಗುರವೋ ಯಂತ್ರವೋ ಇರುವ ಹಕ್ಕಿ ಕಂಡರೆ ದೂರದಿಂದಲೇ ಚಿತ್ರ ತೆಗೆಯಿರಿ. ಉಂಗುರದ ಬಣ್ಣ, ಅದು ಯಾವ ಕಾಲಿನಲ್ಲಿದೆ, ಅಕ್ಷರ, ಅಂಕೆ ಇಷ್ಟನ್ನೂ ಗುರುತು ಮಾಡಿಕೊಳ್ಳಿ. ಹಾರಲಾಗದ ಹಕ್ಕಿಯಾದರೆ ಮೇಲೊಂದು ಬಟ್ಟೆ ಹಾಕಿ ಮೆಲ್ಲಗೆ ಎತ್ತಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿರುವಂತೆ ಇಡಬೇಕು. ಬಾಯಿಗೆ ನೀರು ಸುರಿಯಬಾರದು. ಅದು ಶ್ವಾಸನಾಳಕ್ಕೆ ಇಳಿದರೆ ಉಳಿಯುವ ಹಕ್ಕಿಯೂ ಸಾಯುತ್ತದೆ. ಎತ್ತಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ, ಮನೆಯ ಕೋಳಿಗಳ ಹತ್ತಿರ ಒಯ್ಯಬೇಡಿ, ಯಂತ್ರವನ್ನು ಬಿಚ್ಚಬೇಡಿ. ಹತ್ತಿರದ ಅರಣ್ಯ ಕಚೇರಿಗೆ ಹೇಳಿ, ಎಲ್ಲಿ, ಎಷ್ಟು ಹೊತ್ತಿಗೆ ಸಿಕ್ಕಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಜೊತೆಗೇ ಕೊಡಿ.